ಸಂಜೆ ಆರರ ಜರ್ಮನ್ ಕ್ಲಾಸು

ಮಳೆಗಾಲ ಹಿಡಿದ ಮೇಲೆ ಸಾಗರದಲ್ಲಿ ಸಂಜೆ ಕರೆಂಟು ಹೋಗುವುದು, ಅದರ ಬೆನ್ನಿಗೆ ಇಂಟರ್‌ನೆಟ್ಟೂ ಹೋಗುವುದು ಮಾಮೂಲು. ನಮ್ಮ ಮನೆಯಲ್ಲಿ ಇನ್‌ವರ್ಟರ್ ಇದೆ. ಹಾಗಾಗಿ ಆರು ಗಂಟೆಗೆ ಐದು ನಿಮಿಷ ಇರುವಾಗ ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪು, ನೋಟ್‌ಬುಕ್ಕು, ಹೆಡ್‌ಫೋನು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಓಡಿ ಬರುತ್ತಾಳೆ. "ದೊಡ್ಡಮ್ಮ, ಜರ್ಮನ್ ಕ್ಲಾಸಿದೆ. ಇಲ್ಲೇ ಕೂತ್ಕಳ್ಲಾ?" ಒಂಬತ್ತನೇ ಕ್ಲಾಸು ಓದುವ ಹುಡುಗಿ. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಅಪ್ಪನಿಗೆ ಪೇಟೆಯಲ್ಲಿ ಅಂಗಡಿ. ಶಾಲೆ ಮುಗಿಸಿ ಬಂದು, ಕಾಫಿ ಕುಡಿದು, ವಾರಕ್ಕೆ ಮೂರು ಸಂಜೆ ಅವಳು ಜರ್ಮನ್ ಕಲಿಯುತ್ತಾಳೆ.

ಒಂದು ಸಂಜೆ ಅವಳ ಹೆಡ್‌ಫೋನು ಕೈಕೊಟ್ಟಿತು. ಪಾಠ ಹಾಲ್‌ನಲ್ಲೆಲ್ಲ ಗಟ್ಟಿಯಾಗಿ ಕೇಳತೊಡಗಿತು. ಪಾಠ ಹೇಳುವಾಕೆ ಪುಣೆಯವರಂತೆ. ದನಿ ಬಹಳ ಹಿತವಾಗಿತ್ತು. ಪರದೆಯ ಮೇಲೆ ಸಾಲುಸಾಲು ಚೌಕಗಳು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳು, ಹುಬ್ಬಳ್ಳಿಯ ಒಬ್ಬ ಹುಡುಗ, ದುಬೈನಲ್ಲಿರುವ ಅಣ್ಣ-ತಂಗಿ. ಅರ್ಧಕ್ಕರ್ಧ ಚೌಕಗಳಲ್ಲಿ ಮುಖವಿಲ್ಲ, ಹೆಸರಿನ ಮೊದಲ ಅಕ್ಷರ ಮಾತ್ರ. ಅವತ್ತು ಡಾಟಿವ್ ಪಾಠ. ಟೀಚರು ‘ಇನ್‌ಡೈರೆಕ್ಟ್ ಆಬ್ಜೆಕ್ಟ್’ ಎಂದರೇನು ಎಂಬುದನ್ನು ಇಂಗ್ಲಿಷಿನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು. ‘ಅರ್ಥವಾಯಿತಾ’ ಎಂದು ಕೇಳಿದಾಗಲೆಲ್ಲ ಚಾಟ್ ಪೆಟ್ಟಿಗೆಯಲ್ಲಿ ‘ಯೆಸ್ ಮ್ಯಾಮ್’ ಸಾಲುಗಟ್ಟಿ ಬರುತ್ತಿತ್ತು. ನಮ್ಮ ಹುಡುಗಿಯೂ ಅದನ್ನೇ ಟೈಪ್ ಮಾಡಿದಳು. ಆದರೆ ಅವಳ ನೋಟ್‌ಬುಕ್ಕು ನನ್ನ ಕಣ್ಣಿಗೆ ಬಿದ್ದಿತ್ತು. ಕೋಷ್ಟಕ ಹಾಕಿ, ಡೆರ್, ಡೆನ್, ಡೇಮ್ ಎಂದು ಚೆಂದದ ಅಕ್ಷರದಲ್ಲಿ ಬರೆದು, ‘ಡೇಮ್’ ಎದುರಿಗೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಳು.

ಕ್ಲಾಸು ಮುಗಿದ ಮೇಲೆ ಕೇಳಿದೆ. "ಶಾಲೆಯಲ್ಲಿ ಕನ್ನಡ ವ್ಯಾಕರಣದಲ್ಲಿ ವಿಭಕ್ತಿ ಆಗಿದೆಯೇನೇ?"

"ಹ್ಞೂಂ, ಆಗಿದೆ. ಉ, ಅನ್ನು, ಇಂದ, ಗೆ..." ರಾಗವಾಗಿ ಒಪ್ಪಿಸಿದಳು.

"ನಾನು ಮಗುವಿಗೆ ಪುಸ್ತಕ ಕೊಡುತ್ತೇನೆ ಅನ್ನುವುದರಲ್ಲಿ ಚತುರ್ಥಿ ಎಲ್ಲಿದೆ?"

"ಮಗುವಿಗೆ."

"ಆ ‘ಗೆ’ ಮಾಡುವ ಕೆಲಸವನ್ನೇ ಅಲ್ಲಿ ‘ಡೇಮ್’ ಮಾಡುತ್ತೆ. ನಮ್ಮಲ್ಲಿ ಪದದ ಕೊನೆಗೆ ಅಂಟುತ್ತೆ, ಅವರಲ್ಲಿ ಪದಕ್ಕೆ ಮೊದಲೇ ಬರುತ್ತೆ. ಇಶ್ ಗೇಬ ಡೇಮ್ ಕಿಂಟ್ ಡಾಸ್ ಬೂಖ್."

ಅವಳು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ದೊಡ್ಡಮ್ಮ, ನಿಮಗೆ ಜರ್ಮನ್ ಬರುತ್ತಾ?"

ಹತ್ತಿರ ಹತ್ತಿರ ನಲವತ್ತು ವರ್ಷ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

1980ರ ದಶಕದ ಮೊದಲ ವರ್ಷಗಳಲ್ಲಿ ನಾನು ಬೆಂಗಳೂರಿನ ಒಂದು ಯಂತ್ರೋಪಕರಣ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ಆ ಕೆಲಸ ಈಗ ಯಾವ ಕಾರ್ಖಾನೆಯಲ್ಲೂ ಉಳಿದಿಲ್ಲ. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ನಾಲ್ಕೂ ಮೂಲೆಗೆ ಟೇಪು ಹಚ್ಚಿ, ಒಂದೊಂದು ಗೆರೆಯನ್ನೂ ಶಾಯಿಯಲ್ಲಿ ಮೂಡಿಸಬೇಕು. ದಪ್ಪ ಗೆರೆಗೊಂದು ಪೆನ್ನು, ತೆಳು ಗೆರೆಗೊಂದು, ಅಳತೆಯ ಗೆರೆಗೆ ಮತ್ತೊಂದು. ಪೆನ್ನುಗಳು ಜರ್ಮನಿಯ ರೋಟ್ರಿಂಗ್. ಅವುಗಳ ತುದಿ ಒಣಗದ ಹಾಗೆ ನೋಡಿಕೊಳ್ಳುವುದೇ ಒಂದು ವ್ರತ. ಪಕ್ಕದ ಕೋಣೆಯಲ್ಲಿ ಪ್ರಿಂಟ್ ತೆಗೆಯುವ ಯಂತ್ರದಿಂದ ಅಮೋನಿಯಾ ವಾಸನೆ ಬಂದು ಕಣ್ಣು ಉರಿಯುತ್ತಿತ್ತು. ನಮ್ಮ ಕಾರ್ಖಾನೆಗೆ ಜರ್ಮನ್ ಕಂಪನಿಯೊಂದರ ಜೊತೆ ಒಪ್ಪಂದ ಇದ್ದುದರಿಂದ ಎಷ್ಟೋ ನಕ್ಷೆಗಳು ನೇರ ಅಲ್ಲಿಂದಲೇ ಬರುತ್ತಿದ್ದವು. ಬಲಗಡೆ ಕೆಳಮೂಲೆಯ ಪೆಟ್ಟಿಗೆಯಲ್ಲಿ ‘ಮಾಸ್‌ಶ್ಟಾಬ್’, ‘ವೆರ್ಕ್‌ಶ್ಟೋಫ್’ ಎಂದೆಲ್ಲ ಇರುತ್ತಿತ್ತು. ಸ್ಕೇಲು, ಬಳಸುವ ವಸ್ತು ಎಂದು ಅರ್ಥ. ನಮಗದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಗೆರೆಯನ್ನು ಎಳೆದ ಹಾಗೆಯೇ ಅಕ್ಷರವನ್ನೂ ಎಳೆಯುತ್ತಿದ್ದೆವು. ಜರ್ಮನ್‌ನಲ್ಲಿ ಎರಡು ‘ಎಸ್’ ಸೇರಿದ ಹಾಗೆ ಒಂದು ಅಕ್ಷರವಿದೆ, ನೋಡಲಿಕ್ಕೆ ಇಂಗ್ಲಿಷಿನ ‘ಬಿ’ ಇದ್ದ ಹಾಗೆ. ನಮ್ಮ ಆಫೀಸಿನ ಹಿರಿಯ ಟ್ರೇಸರುಗಳೆಲ್ಲ ಅದನ್ನು ‘ಬಿ’ ಎಂದೇ ಬರೆದುಕೊಂಡು ಬಂದಿದ್ದರು. ನಕ್ಷೆಯಿಂದ ನಕ್ಷೆಗೆ ಆ ‘ಬಿ’ ಹಾಗೇ ಇಳಿದು ಬರುತ್ತಿತ್ತು.

ಕೈ ಬರೆಯುತ್ತಿರುವುದು ಏನೆಂದು ತಿಳಿಯಬೇಕು ಅನ್ನಿಸಿತು. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಮಲ್ಲೇಶ್ವರದ ಕಡೆ ಒಂದು ಕಾಲೇಜಿನ ಮಹಡಿಯ ಮೇಲೆ ಸಂಜೆ ಜರ್ಮನ್ ತರಗತಿ ನಡೆಯುತ್ತದೆ ಎಂದು ಯಾರೋ ಹೇಳಿದರು. ಶಿಫ್ಟು ಮುಗಿಸಿ, ಎರಡು ಬಿಟಿಎಸ್ ಬಸ್ಸು ಬದಲಿಸಿ, ಆರಕ್ಕೆ ಸರಿಯಾಗಿ ಅಲ್ಲಿರಬೇಕಿತ್ತು. ಆರು ಹೊಡೆದರೆ ಮೇಷ್ಟ್ರು ಬಾಗಿಲು ಹಾಕುತ್ತಿದ್ದರು.

ಅಂಥ ಮೇಷ್ಟ್ರನ್ನು ನಾನು ಆಮೇಲೆ ಕಂಡಿಲ್ಲ. ಕೆಲವು ವರ್ಷ ಜರ್ಮನಿಯಲ್ಲಿದ್ದು ಬಂದವರು. ಇಸ್ತ್ರಿ ಕೆಡದ ಬಿಳಿ ಅಂಗಿ, ಕೈಯಲ್ಲಿ ಒಂದೇ ಒಂದು ಚಾಕ್‌ಪೀಸು. ಪುಸ್ತಕ ತೆರೆಯದೆ ಇಡೀ ಪಾಠ ಹೇಳುತ್ತಿದ್ದರು. ಜರ್ಮನ್‌ನಲ್ಲಿ ‘ಯು’ ಅಕ್ಷರದ ತಲೆ ಮೇಲೆ ಎರಡು ಚುಕ್ಕೆ ಇಟ್ಟರೆ ಬರುವ ಸದ್ದು ನಮ್ಮ ಯಾರ ಬಾಯಲ್ಲೂ ಹೊರಡುತ್ತಿರಲಿಲ್ಲ. ಮೇಷ್ಟ್ರು ಒಂದು ದಿನ, "ಬಾಯೊಳಗೆ ‘ಈ’ ಅನ್ನಿ. ಅನ್ನುತ್ತಲೇ ತುಟಿಯನ್ನು ‘ಊ’ಗೆ ತನ್ನಿ" ಎಂದರು. ಇಡೀ ಕ್ಲಾಸಿನ ಬಾಯಲ್ಲಿ ಒಮ್ಮೆಗೇ ಆ ಸದ್ದು ಬಂತು. ಅವರು ಆ ವರ್ಷವೆಲ್ಲ ತರಗತಿಯಲ್ಲಿ ಕನ್ನಡ ಆಡಿದ್ದು ಅಷ್ಟೇ. ಪರೀಕ್ಷೆ ಹತ್ತಿರ ಬಂದಾಗ ನನ್ನ ಬಳಿ ನಿಘಂಟು ಇಲ್ಲವೆಂದು ತಿಳಿದು ತಮ್ಮ ದಪ್ಪ ನಿಘಂಟನ್ನೇ ಕೊಟ್ಟು, ಮುಗಿದ ಮೇಲೆ ತಂದುಕೊಡಿ ಎಂದರು. ಪುಟದಂಚಿನಲ್ಲೆಲ್ಲ ಅವರ ಸಣ್ಣ ಪೆನ್ಸಿಲ್ ಅಕ್ಷರ. ಆ ನಿಘಂಟನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗುವಾಗ ನನಗಾಗುತ್ತಿದ್ದ ಹೆಮ್ಮೆ ಈಗಲೂ ನೆನಪಿದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಪಾಠವೆಲ್ಲ ಇಂಗ್ಲಿಷಿನ ಮೂಲಕ ನಡೆಯುತ್ತಿತ್ತು. ಮೇಷ್ಟ್ರ ಮನೆಮಾತು ಕನ್ನಡವೇ, ಆದರೂ ಕ್ಲಾಸಿನೊಳಗೆ ಕನ್ನಡಕ್ಕೆ ಜಾಗವಿರಲಿಲ್ಲ. ಕಾನ್ವೆಂಟಿನಲ್ಲಿ ಓದಿ ಬಂದವರ ಉತ್ತರಕ್ಕೆ ಅವರು ತಲೆದೂಗುತ್ತಿದ್ದರು. ನಮ್ಮಂಥವರು ಇಂಗ್ಲಿಷಿನಲ್ಲಿ ತಡವರಿಸುತ್ತ ಪ್ರಶ್ನೆ ಕೇಳಿದರೆ ಮೊದಲು ನಮ್ಮ ಇಂಗ್ಲಿಷನ್ನು ತಿದ್ದುತ್ತಿದ್ದರು. ಪ್ರಶ್ನೆ ಅಲ್ಲಿಗೇ ಹಿಂದೆ ಬೀಳುತ್ತಿತ್ತು.

ನನ್ನ ಪಕ್ಕದ ಬೆಂಚಿನಲ್ಲಿ ತುಮಕೂರು ಕಡೆಯ ಒಬ್ಬ ಹುಡುಗ ಕೂರುತ್ತಿದ್ದ. ಐಟಿಐ ಮುಗಿಸಿ ಇನ್ನೊಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಜರ್ಮನ್ ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಅವನ ಕೆಲಸ; ಅವುಗಳ ಕೈಪಿಡಿಯನ್ನು ತಾನೇ ಓದಬೇಕೆಂಬ ಆಸೆ ಹೊತ್ತು ಬಂದಿದ್ದ. ಇಡೀ ತರಗತಿಯಲ್ಲಿ ಜರ್ಮನ್ ನಿಜವಾಗಿ ಬೇಕಿದ್ದವನು ಅವನೊಬ್ಬನೇ ಎಂದು ನನಗೀಗ ಅನ್ನಿಸುತ್ತದೆ. ಡಾಟಿವ್ ಪಾಠದ ದಿನ ಕಪ್ಪುಹಲಗೆಯ ಮೇಲಿನ ವಾಕ್ಯಗಳನ್ನು ಬಹಳ ಹೊತ್ತು ನೋಡುತ್ತ ಕೂತವನು ಎದ್ದು ನಿಂತು, "ಸಾರ್, ಇದು ನಮ್ ಚತುರ್ಥಿ ವಿಭಕ್ತಿ ಥರಾನಾ?" ಎಂದ. ಉಳಿದವರಿಗೆ ಇನ್ನೂ ತಲೆಬುಡ ತಿಳಿಯದೆ ಇದ್ದಾಗ ಅವನಿಗೆ ಅದು ಹೊಳೆದಿತ್ತು. ಮೇಷ್ಟ್ರು, "ನೋ ಕನ್ನಡ ಇನ್ ದಿಸ್ ರೂಮ್" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವನು ಕೂತ. ದೀಪಾವಳಿ ರಜೆ ಕಳೆದು ತರಗತಿ ಶುರುವಾದಾಗ ಅವನ ಜಾಗ ಖಾಲಿ ಇತ್ತು.

ಆ ಮೇಷ್ಟ್ರ ಬಗ್ಗೆ ನನಗಿರುವ ಗೌರವ ಇದರಿಂದ ಕಡಿಮೆಯಾಗಿಲ್ಲ. ಅವರ ಕಾಲದಲ್ಲಿ ಭಾಷೆ ಕಲಿಸುವ ರೀತಿಯೇ ಅದಾಗಿತ್ತು, ಇಂಗ್ಲಿಷ್ ದಾಟಿಕೊಂಡೇ ಯುರೋಪಿಗೆ ಹೋಗಬೇಕೆಂದು ಎಲ್ಲರೂ ನಂಬಿದ್ದರು. ಆದರೆ ಅವತ್ತು ಅವರು ಮಾಡಿದ್ದು ತಪ್ಪು. ಸರಿಯಾದ ಉತ್ತರ ಹೇಳಿದ ಹುಡುಗನನ್ನು ಕೂರಿಸಿಬಿಟ್ಟರು. ಇಷ್ಟು ವರ್ಷದ ಮೇಲೆ ನಮ್ಮ ಪಕ್ಕದ ಮನೆಯ ಹುಡುಗಿ ಅದೇ ಪಾಠದಲ್ಲಿ, ಅದೇ ಜಾಗದಲ್ಲಿ ಎಡವಿ ನಿಂತಿದ್ದನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಅವನ ಮುಖ.

ಆಗ ಬೆಂಗಳೂರಿನಲ್ಲಿ ಜರ್ಮನ್ ಕಲಿಯುತ್ತಿದ್ದವರ ಪ್ರಪಂಚ ಚಿಕ್ಕದು. 1960ರಲ್ಲಿ ಶುರುವಾದ ಮ್ಯಾಕ್ಸ್‌ಮುಲ್ಲರ್ ಭವನ ಲ್ಯಾವೆಲ್ಲೆ ರಸ್ತೆಯಲ್ಲಿತ್ತು. ಈಗ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿದೆ. ಆಗ ಶನಿವಾರ ಮಧ್ಯಾಹ್ನ ಭವನದ ಗ್ರಂಥಾಲಯಕ್ಕೆ ಹೋಗಿ ಚಿತ್ರವಿರುವ ಪತ್ರಿಕೆಗಳನ್ನು ತಿರುವಿ ಹಾಕುವುದು ನನಗೆ ದೊಡ್ಡ ಸುಖ. ಹಾಸ್ಟೆಲಿನ ಕೋಣೆಯಲ್ಲಿ ಜರ್ಮನ್ ಬಾನುಲಿ ಡಾಯ್ಚ ವೆಲ್ಲೆಯ ಶಾರ್ಟ್‌ವೇವ್ ಪ್ರಸಾರ ಹಿಡಿಯಲು ರೇಡಿಯೊದ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ ಕೂರುತ್ತಿದ್ದೆ. ಅಲೆಯ ಹಾಗೆ ದನಿ ಬರುತ್ತಿತ್ತು, ಹೋಗುತ್ತಿತ್ತು. ಅದೇ ಡಾಯ್ಚ ವೆಲ್ಲೆಯವರ ‘ನಿಕೋಸ್ ವೇಗ್’ ಎಂಬ ಪಾಠಮಾಲೆ ಈಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಪುಟ್ಟ ಪುಟ್ಟ ಚಿತ್ರಕಥೆ, ಒಂದೊಂದಕ್ಕೂ ಅಭ್ಯಾಸ. ಪಕ್ಕದ ಮನೆಯ ಹುಡುಗಿ ಅದನ್ನು ಊಟ ಮಾಡುತ್ತಲೇ ಫೋನಿನಲ್ಲಿ ನೋಡುತ್ತಾಳೆ.

ಅಂದಿನ ದಿನಗಳೇ ಚೆನ್ನಾಗಿದ್ದವು ಎಂದು ಹೇಳುವವರ ಪೈಕಿ ನಾನಲ್ಲ. ನಮ್ಮ ಸಂಜೆ ತರಗತಿಗೆ ಬರಲು ಸಾಧ್ಯವಿದ್ದದ್ದು ಬೆಂಗಳೂರಿನಲ್ಲಿ ಇರುವವರಿಗೆ, ಅದರಲ್ಲೂ ಆ ಬಸ್ ಮಾರ್ಗದಲ್ಲಿ ಮನೆ ಇರುವವರಿಗೆ, ಅದರಲ್ಲೂ ಸಂಜೆ ಏಳೂವರೆಯ ಮೇಲೆ ಮನೆ ಸೇರಿದರೆ ಬೈಗುಳ ಬೀಳದ ಹೆಣ್ಣುಮಕ್ಕಳಿಗೆ. ನನ್ನ ಜೊತೆ ಸೇರಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಬಿಟ್ಟದ್ದು ವ್ಯಾಕರಣಕ್ಕೆ ಹೆದರಿ ಅಲ್ಲ, ಕತ್ತಲೆಗೆ ಹೆದರಿ. ನಾನು ಹಾಸ್ಟೆಲಿನಲ್ಲಿದ್ದೆ, ವಾರ್ಡನ್ ಒಳ್ಳೆಯವರು, ಹಾಗಾಗಿ ಉಳಿದುಕೊಂಡೆ. ಸಾಗರದ, ಶಿರಸಿಯ, ಗದಗಿನ ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗಿ ಜರ್ಮನ್ ಕಲಿಯುವುದನ್ನು ಆಗ ಕನಸಿನಲ್ಲೂ ನೆನೆಯುವಂತಿರಲಿಲ್ಲ. 2020ರ ಕೊರೊನಾ ಕಾಲದಲ್ಲಿ ಬಾಗಿಲು ಹಾಕಿಕೊಂಡ ತರಗತಿಗಳು ಅನಿವಾರ್ಯವಾಗಿ ಪರದೆಗೆ ಬಂದವು. ಬಾಗಿಲು ತೆರೆದ ಮೇಲೂ ಪರದೆ ಉಳಿದುಕೊಂಡಿತು. ಅದರಿಂದ ಆದ ಒಳ್ಳೆಯದನ್ನು ಮನಸ್ಸು ಬಿಚ್ಚಿ ಒಪ್ಪಿಕೊಳ್ಳಬೇಕು.

ಯಾಕೆ ಕಲಿಯುತ್ತೀ ಎಂದು ಪಕ್ಕದ ಮನೆಯ ಹುಡುಗಿಯನ್ನು ಕೇಳಿದ್ದೆ. "ಅಕ್ಕ ಅಲ್ಲಿದಾಳಲ್ಲ ದೊಡ್ಡಮ್ಮ" ಎಂದಳು. ದೊಡ್ಡಪ್ಪನ ಮಗಳು ಸ್ಟುಟ್‌ಗಾರ್ಟ್ ಹತ್ತಿರ ನರ್ಸು. ಅಲ್ಲಿ ನರ್ಸಿಂಗ್ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅದಕ್ಕಾಗಿ ಅವಳು ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಓದಿದ್ದು ಮನೆಯವರಿಗೆಲ್ಲ ಗೊತ್ತು. ದೊಡ್ಡವಳಾದ ಮೇಲೆ ಅಷ್ಟು ಕಷ್ಟ ಬೀಳುವುದಕ್ಕಿಂತ ಈಗಲೇ ಕಲಿಯಲಿ ಎಂಬುದು ಇವಳ ಅಮ್ಮನ ಲೆಕ್ಕ. ಲೆಕ್ಕ ತಪ್ಪಲ್ಲ. 2024ರ ಅಕ್ಟೋಬರಿನಲ್ಲಿ ಜರ್ಮನಿ ಕುಶಲ ಕೆಲಸದ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾವನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. 2023-24ರಲ್ಲೇ ಅಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 49 ಸಾವಿರ. ಹೊರದೇಶದ ವಿದ್ಯಾರ್ಥಿಗಳಲ್ಲಿ ನಮ್ಮವರದೇ ದೊಡ್ಡ ಗುಂಪು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕ ಇಲ್ಲ. ಹಾಗೆಂದು ಖರ್ಚೇ ಇಲ್ಲ ಎಂದುಕೊಂಡ ಪೋಷಕರನ್ನು ನಾನು ನೋಡಿದ್ದೇನೆ. ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೊ ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಅದು ಹತ್ತು ಲಕ್ಷ ಮೀರುತ್ತದೆ. ಪದವಿಗೇ ಹೋಗುವವರಿಗೆ ಭಾಷೆಯೂ ಗಟ್ಟಿಯಾಗಿ ಬೇಕು, ಏಕೆಂದರೆ ಅಲ್ಲಿನ ಹೆಚ್ಚಿನ ಪದವಿ ತರಗತಿಗಳು ನಡೆಯುವುದು ಜರ್ಮನ್‌ನಲ್ಲಿ.

ಸ್ವಲ್ಪ ಹೊತ್ತು ಬಿಟ್ಟು ಹುಡುಗಿ ಇನ್ನೊಂದು ಮಾತು ಸೇರಿಸಿದಳು. "ಮತ್ತೆ ನಂಗೆ ಅವರ ಉದ್ದುದ್ದ ಪದ ಇಷ್ಟ." ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಿಕ್ಕ ಸಿಕ್ಕ ಉದ್ದ ಪದಗಳನ್ನೆಲ್ಲ ಬರೆದು, ಎಲ್ಲೆಲ್ಲಿ ಒಡೆಯುತ್ತದೋ ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಳು. ನಮ್ಮ ಸಮಾಸ ಬಿಡಿಸಿದ ಹಾಗೇ. ಮನೆಯವರ ಲೆಕ್ಕ ಏನೇ ಇರಲಿ, ಅವಳದು ಸ್ವಂತ ಆಸಕ್ತಿ ಎಂದು ನನಗೆ ಆ ಪುಟ ನೋಡಿದ ಮೇಲೆ ನಂಬಿಕೆ ಬಂತು.

ಆಸಕ್ತಿ ಎಲ್ಲಿ ಹುಟ್ಟುತ್ತದೆ ಎನ್ನುವುದಕ್ಕಿಂತ ಎಲ್ಲಿ ಸಾಯುತ್ತದೆ ಎನ್ನುವುದನ್ನು ನಾನು ಈ ಮಳೆಗಾಲದಲ್ಲಿ ಹತ್ತಿರದಿಂದ ನೋಡಿದೆ. ಬಣ್ಣಗಳ ಹೆಸರು, ಒಂದರಿಂದ ನೂರು, ಅಪ್ಪ ಅಮ್ಮ ಅಜ್ಜಿ, ನನ್ನ ಹೆಸರು ಇಂಥದ್ದು, ನಾನು ಇಂಥ ಊರಿನವಳು. ಅಲ್ಲಿಯವರೆಗೆ ಮಕ್ಕಳ ಉತ್ಸಾಹ ಹಿಡಿಯುವಂತಿಲ್ಲ. ಕ್ಯಾಮೆರಾ ಹಾಕಿಕೊಂಡು ಕೂರುತ್ತಾರೆ, ತಾ ಮುಂದೆ ನಾ ಮುಂದೆ ಎಂದು ಕೈ ಎತ್ತುತ್ತಾರೆ. ಡೆರ್ ಡೆನ್ ಡೇಮ್ ಬಂತೋ, ಒಂದೊಂದೇ ಕ್ಯಾಮೆರಾ ಆರುತ್ತದೆ. ಈಗಿನ ಮಕ್ಕಳಿಗೆ ಪಟ್ಟು ಹಿಡಿದು ಕೂರಲು ಬರುವುದಿಲ್ಲ ಎಂದು ಪೋಷಕರು ದೂರುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮಕ್ಕಳು ಕೈಬಿಡುತ್ತಿರುವುದು ವಿಭಕ್ತಿಯ ಜಾಗದಲ್ಲಿ. ವಿಭಕ್ತಿ ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡಿರುವ ಇಂಗ್ಲಿಷಿನ ಮೂಲಕ ಅದನ್ನು ಕಲಿಸಲು ಹೊರಟರೆ ಮಗುವಿಗೆ ಮೊದಲು ಇಲ್ಲದ ವಸ್ತುವನ್ನು ಊಹಿಸಿಕೊಳ್ಳುವ ಕೆಲಸ ಬೀಳುತ್ತದೆ. ಕನ್ನಡದ ಮಗುವಿನ ನಾಲಿಗೆಯ ಮೇಲೆ ಅದು ಹುಟ್ಟಿದಾಗಿನಿಂದ ಇದೆ.

ಇದೊಂದೇ ಅಲ್ಲ. ಜರ್ಮನ್‌ನಲ್ಲಿ ಸಲಿಗೆಯವರಿಗೊಂದು, ಗೌರವಕ್ಕೊಂದು ಸರ್ವನಾಮ ಇದೆ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ನಮ್ಮ ಮೇಷ್ಟ್ರು ಒಂದು ಇಡೀ ಸಂಜೆ ತೆಗೆದುಕೊಂಡಿದ್ದರು. ಕನ್ನಡದಲ್ಲಾದರೆ ನೀನು, ನೀವು ಎಂದರೆ ಮುಗಿಯಿತು. ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ಬದಲಾಗುವುದು ಅಲ್ಲೂ ಉಂಟು. ‘ಶ್ಟಾಟ್’ ಎಂದು ಎಳೆದರೆ ರಾಜ್ಯ, ‘ಶ್ಟಟ್’ ಎಂದು ಮೊಟಕು ಮಾಡಿದರೆ ಊರು. ಕಾಗುಣಿತ ಕಲಿತ ಮಗುವಿಗೆ ಇದನ್ನು ಹೇಳಿಕೊಡಲೇ ಬೇಕಾಗಿಲ್ಲ. ‘ನನಗೆ ಚಳಿ’ ಎಂಬುದನ್ನು ಅವರು ‘ಮಿಯರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ‘ಮಿಯರ್’ ಎಂದರೆ ನನಗೆ. ಇಂಗ್ಲಿಷಿನಿಂದ ಬಂದ ಮಗು ‘ಇಶ್ ಬಿನ್ ಕಾಲ್ಟ್’ ಎನ್ನುತ್ತದೆ. ಅದು ಅಲ್ಲಿಯವರ ಕಿವಿಗೆ ನಾನು ಕಲ್ಲುಮನಸ್ಸಿನವಳು ಎಂದ ಹಾಗೆ ಕೇಳುತ್ತದೆ. ‘ವೈಲ್’ ಎಂದು ಕಾರಣ ಹೇಳಲು ಶುರುಮಾಡಿದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷ್ ಬಲ್ಲವರು ಇದನ್ನು ಒಂದು ವಿಚಿತ್ರವೆಂದು ಕಲಿಯುತ್ತಾರೆ. ನಾವು ಬೆಳಗ್ಗೆಯಿಂದ ರಾತ್ರಿವರೆಗೆ ಆಡುವುದೇ ಹಾಗಲ್ಲವೇ?

ಎಲ್ಲವೂ ಹೀಗೆ ಸರಾಗವಾಗಿ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಲಿಂಗದ ವಿಷಯದಲ್ಲಿ ಕನ್ನಡ ಏನೂ ನೆರವಾಗುವುದಿಲ್ಲ. ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ; ಇದಕ್ಕೆ ಬಾಯಿಪಾಠವೇ ಗತಿ. ‘ಶಾಲೆಯಲ್ಲಿ’, ‘ಶಾಲೆಗೆ’ ಎಂಬ ಭೇದವನ್ನು ಅವರೂ ವಿಭಕ್ತಿಯಿಂದಲೇ ತೋರಿಸುತ್ತಾರಾದರೂ ‘ಶಾಲೆಗೆ’ ಎಂಬಲ್ಲಿ ಅವರು ಹಲವು ಸಲ ಬಳಸುವುದು ದ್ವಿತೀಯೆಯನ್ನು. ಚತುರ್ಥಿ ಎಂದುಕೊಂಡು ಹೋದರೆ ಅಲ್ಲಿ ಕಾಲು ಜಾರುತ್ತದೆ. ಗುಣವಾಚಕಗಳ ಬಾಲದ ವಿಚಾರವಂತೂ ನನಗೆ ಈಗಲೂ ಪುಸ್ತಕ ನೋಡದೆ ಹೇಳಲಿಕ್ಕೆ ಬರುವುದಿಲ್ಲ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಬಲ್ಲ ಮೇಷ್ಟ್ರು ಬೇಕು. ಅದಕ್ಕೇ ಇದು ಆ್ಯಪಿನ ಕೈಲಿ ಆಗುವ ಕೆಲಸವಲ್ಲ.

ಶಾಲೆಯಲ್ಲೇ ಕಲಿಸಬಹುದಲ್ಲ ಎನ್ನಬಹುದು. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಪ್ಪಂದದ ಮೇಲೆ ಆರರಿಂದ ಎಂಟನೇ ತರಗತಿಯವರೆಗೆ ಮೂರನೇ ಭಾಷೆಯಾಗಿ ಜರ್ಮನ್ ಬಂತು. 2014ರ ನವೆಂಬರಿನಲ್ಲಿ, ಶಾಲಾ ವರ್ಷದ ನಟ್ಟನಡುವೆ, ಅದನ್ನು ತೆಗೆದು ಆ ಜಾಗಕ್ಕೆ ಸಂಸ್ಕೃತ ತಂದರು. ಸಂಸ್ಕೃತ ಹೆಚ್ಚೋ ಜರ್ಮನ್ ಹೆಚ್ಚೋ ಎಂದು ದೊಡ್ಡವರು ಜಗಳವಾಡುತ್ತಿದ್ದಾಗ ಸಾವಿರಾರು ಮಕ್ಕಳ ಅರ್ಧ ಕಲಿತ ಭಾಷೆ ಅರ್ಧಕ್ಕೇ ನಿಂತಿತು. ಸಂಸ್ಕೃತದ ವಿಭಕ್ತಿ ಬಲ್ಲ ಮಗುವಿಗೆ ಜರ್ಮನ್ ಇನ್ನೂ ಸುಲಭ ಎಂಬ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಶಾಲೆಯ ಟೈಮ್‌ಟೇಬಲ್ಲಿನ ಮೇಲೆ ಭರವಸೆ ಇಡಲಾಗದ ಮೇಲೆ ಜನ ಸಂಜೆಯ ಆನ್‌ಲೈನ್ ತರಗತಿಗೆ ಹೋಗುವುದು ಸಹಜ.

ಕನ್ನಡದ ಮೂಲಕ ಜರ್ಮನ್ ಎಂದರೆ ಹೊಸ ವಿಚಾರ ಎನ್ನಿಸಬಹುದು. ತಿರುಗುಮುರುಗಾಗಿ ನಮ್ಮ ನೆಲದಲ್ಲಿ ಅದು ಆಗಿಹೋಗಿದೆ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಅದೇ ಮಿಶನ್ನಿನ ಇನ್ನೊಬ್ಬ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟೆಲ್ ಕನ್ನಡವನ್ನು ಕಲಿತದ್ದು ಇಲ್ಲಿಯ ಪಂಡಿತರ ಜೊತೆ ಕೂತು, ಕೇಶಿರಾಜನ ಸೂತ್ರಗಳನ್ನು ಓದಿ. ಕೇಶಿರಾಜನ ಆ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಅವರೇ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ಲರ 1894ರ ನಿಘಂಟು, 1903ರ ವ್ಯಾಕರಣ ಎರಡೂ ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತವೆ ನಿಜ. ಅವು ನಿಂತಿರುವುದು ಮಾತ್ರ ಕನ್ನಡ ವೈಯಾಕರಣರ ಹೆಗಲ ಮೇಲೆ. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಬಿ.ಎ. ವಿವೇಕ ರೈ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಅಲ್ಲಿಯ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿ ಬಂದಿದ್ದಾರೆ. ಅಲ್ಲಿಯವರು ಇಲ್ಲಿಗೆ ಬರಲು ನೇರ ದಾರಿ ಇದೆ. ನಮ್ಮ ಮಕ್ಕಳು ಮಾತ್ರ ಲಂಡನ್ ಸುತ್ತಿಕೊಂಡು ಹೋಗುತ್ತಿದ್ದಾರೆ.

ನಮ್ಮ ಕಾಲದಲ್ಲಿ ಇದಕ್ಕೆ ಒಂದು ನಿಜವಾದ ಅಡ್ಡಿ ಇತ್ತು. ಕನ್ನಡದಲ್ಲಿ ಜರ್ಮನ್ ಕಲಿಯಬೇಕೆನ್ನುವವರು ಒಂದೇ ಊರಿನಲ್ಲಿ ಹತ್ತು ಮಂದಿ ಸಿಗುತ್ತಿರಲಿಲ್ಲ. ತುಮಕೂರಿನ ಫಿಟ್ಟರ್ ಒಬ್ಬ, ಸಾಗರದಿಂದ ಹೋದ ನಾನೊಬ್ಬಳು, ಇನ್ನೆಲ್ಲೋ ಒಬ್ಬರು. ಅಷ್ಟಕ್ಕೇ ಒಂದು ತರಗತಿ ನಡೆಸಿ ಎಂದು ಯಾವ ಸಂಸ್ಥೆಯನ್ನು ಕೇಳುವುದು? ಈಗ ಸಾಗರದಿಂದ ಒಬ್ಬಳು, ಗದಗಿನಿಂದ ಒಬ್ಬ, ಕುಂದಾಪುರದಿಂದ ಇಬ್ಬರು, ದುಬೈನಲ್ಲಿರುವ ಕನ್ನಡದ ಮನೆಯಿಂದ ಇಬ್ಬರು ಸೇರಿದರೆ ಒಂದು ಬ್ಯಾಚ್ ಆಯಿತು. ಆನ್‌ಲೈನ್ ತರಗತಿಯಿಂದ ಆಗಬಹುದಾದ ಬಹಳ ದೊಡ್ಡ ಉಪಕಾರ ಇದು. ಅದನ್ನೇ ನಾವು ಇನ್ನೂ ಬಳಸಿಕೊಂಡಿಲ್ಲ. ಊರೂರಿಗೆ ತಲುಪುವ ಸಾಧನ ಕೈಗೆ ಬಂದ ಮೇಲೂ ಮಲ್ಲೇಶ್ವರದ ಮಹಡಿಯ ಮೇಲಿನ ಹಳೆಯ ಕ್ರಮವನ್ನೇ ಪರದೆಯ ಮೇಲೆ ನಡೆಸುತ್ತಿದ್ದೇವೆ.

ಹುಡುಗಿಯ ಟೀಚರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಮರಾಠಿಯವರು, ತರಗತಿಯಲ್ಲಿ ನಾಲ್ಕು ಭಾಷೆಯ ಮನೆಗಳ ಮಕ್ಕಳಿದ್ದಾರೆ; ಅವರಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ದಾರಿಯಿಲ್ಲ. ಹುಡುಗಿ ‘ಡೇಮ್’ ಎಂದರೆ ಚತುರ್ಥಿ ಎಂದು ಕ್ಲಾಸಿನಲ್ಲಿ ಹೇಳಿದಾಗ ಅವರು ಅವಳನ್ನು ಕೂರಿಸಲಿಲ್ಲ. ಅದೇನು, ಇನ್ನೊಮ್ಮೆ ಹೇಳು ಎಂದು ಕೇಳಿ, ಮರಾಠಿಯಲ್ಲೂ ಹಾಗೇ ಇದೆಯಲ್ಲ ಎಂದು ಸಂತೋಷಪಟ್ಟರಂತೆ. ಮುಂದಿನ ಪಾಠಕ್ಕೆ ಮಕ್ಕಳೆಲ್ಲ ತಂತಮ್ಮ ಮನೆಮಾತಿನಲ್ಲಿ ಅಂಥ ಒಂದೊಂದು ವಾಕ್ಯ ಬರೆದು ತರಬೇಕು ಎಂದರಂತೆ. ಹುಡುಗಿ ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು.

ಅಂದಿನಿಂದ ಕ್ಲಾಸು ಮುಗಿದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಕೂರುತ್ತೇವೆ. ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ನನ್ನ ಜರ್ಮನ್‌ಗೆ ತುಕ್ಕು ಹಿಡಿದಿದೆ. ಆದರೆ ಆನ್‌ಲೈನ್ ತರಗತಿಯಲ್ಲಿ ಅವಳಿಗೆ ಬಾಯಿ ಬಿಡಲು ಸಿಗುವುದು ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ಮ್ಯೂಟ್. ಭಾಷೆಗೆ ಎದುರಿಗೊಬ್ಬರು ಬೇಕು, ತಪ್ಪು ಮಾತಾದರೂ ಕಿವಿಗೊಡುವವರು. ಅಷ್ಟನ್ನು ನಾನು ಮಾಡಬಲ್ಲೆ. ಪೋಷಕರಿಗೂ ಇದನ್ನೇ ಹೇಳುತ್ತೇನೆ. ಮಗುವನ್ನು ಸೇರಿಸುವ ಮೊದಲು ಸರ್ಟಿಫಿಕೇಟು ಯಾವಾಗ ಸಿಗುತ್ತದೆ ಎಂದು ಕೇಳಬೇಡಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಒಂದು ಗಂಟೆಯಲ್ಲಿ ನನ್ನ ಮಗು ಎಷ್ಟು ಹೊತ್ತು ಮಾತಾಡುತ್ತದೆ ಎಂದು ಕೇಳಿ. ಮುಖ ಕಾಣದ ನಲವತ್ತು ಚೌಕಗಳ ತರಗತಿಗೆ ದುಡ್ಡು ಕಟ್ಟಬೇಡಿ.

ಜರ್ಮನ್ ಬಲ್ಲ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಕಲಿಸುವವರಿದ್ದಾರೆ. ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್‌ಗಳಲ್ಲಿ ಕೆಲಸದಲ್ಲಿರುವವರಿದ್ದಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ವಾರಕ್ಕೆ ಒಂದೆರಡು ಸಂಜೆ, ಹತ್ತು ಮಕ್ಕಳ ಒಂದು ಸಣ್ಣ ತರಗತಿಯನ್ನು ಕನ್ನಡದಲ್ಲೇ ವಿವರಿಸಿ ನಡೆಸಿ. ಕನ್ನಡ ಶಾಲೆಯ ವ್ಯಾಕರಣ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಐಟಿಐ ಓದುವ ಹುಡುಗರನ್ನೂ ನರ್ಸಿಂಗ್ ಓದುವ ಹುಡುಗಿಯರನ್ನೂ ಸೇರಿಸಿಕೊಳ್ಳಿ. ಕಲಿಯುವ ಮಕ್ಕಳು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ. ಸಾಗರದಲ್ಲಿ ಒಬ್ಬಳನ್ನು ನಾನು ತೋರಿಸಬಲ್ಲೆ.